ನೀವು ಏರಿಸದೆ ಏರಿದ ವೋಲ್ಟೇಜ್

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಗ್ರಂಥಾಲಯದಲ್ಲಿ, ಸ್ವಂತ ಕಂಪ್ಯೂಟರ್ ಜೋಡಿಸುವವರ ಎದುರು ಆಡಿದ ಮಾತುಗಳ ಬರಹ ರೂಪ ಇದು. ಕೇಳುಗರ ಪ್ರಶ್ನೆಗಳಲ್ಲಿ ಕೆಲವನ್ನು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಗೇಮ್‌ಗಾಗಿ ಮಷೀನ್ ಕಟ್ಟಿದ ಕಾಲೇಜು ಮಕ್ಕಳಿದ್ದೀರಿ. ಯಕ್ಷಗಾನದ ವಿಡಿಯೋ ಎಡಿಟ್ ಮಾಡುವವರಿದ್ದೀರಿ. ಡಿಟಿಪಿ ಅಂಗಡಿ ಇಟ್ಟವರೂ ಇದ್ದೀರಿ. ಕೆಲಸ ಬೇರೆ ಬೇರೆ. ಆದರೆ ಬಂದ ಕೂಡಲೇ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಓವರ್‌ಕ್ಲಾಕ್ ಮಾಡುವಾಗ, ಅಂದರೆ ನಿಯಮಕ್ಕಿಂತ ಹೆಚ್ಚಿನ ಸ್ಪೀಡ್‌ನಲ್ಲಿ ಓಡಿಸುವಾಗ, ರ‍್ಯಾಮ್‌ಗೆ ಎಷ್ಟು ವೋಲ್ಟ್ ತನಕ ಕೊಡಬಹುದು?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದಿನಾ ಬಳಸುವ ಮಷೀನ್‌ನಲ್ಲಿ ಡಿಡಿಆರ್4 ತಲೆಮಾರಿನ ರ‍್ಯಾಮ್ ಇದ್ದರೆ 1.35 ವೋಲ್ಟ್‌ಗೆ ಹೆದರಬೇಕಾಗಿಲ್ಲ. ಕ್ಯಾಬಿನೆಟ್ ಒಳಗೆ ಗಾಳಿ ಚೆನ್ನಾಗಿ ಆಡುತ್ತಿದ್ದರೆ 1.40. ತೀರಾ ಬೇಕೇ ಬೇಕು ಅಂದರೆ 1.45. ಡಿಡಿಆರ್5 ಆದರೆ 1.25ರಿಂದ 1.40ರ ಒಳಗೆ ಇರಿ. ಹಳೆಯ ಡಿಡಿಆರ್3 ಆದರೆ 1.50, ಹೆಚ್ಚೆಂದರೆ 1.65. ಇದಕ್ಕಿಂತ ಮೇಲೆ ನಡೆಸುವವರು ಇದ್ದಾರೆ, ನಡೆಯುತ್ತದೆ ಕೂಡ. ನಮ್ಮ ಊರಿನ ಸೆಕೆಗೆ, ವರ್ಷಗಟ್ಟಲೆ ಬಾಳಬೇಕಾದ ಮಷೀನ್‌ಗೆ ನಾನು ಹಾಕುವ ಗೆರೆ ಇದು.

ಇಷ್ಟನ್ನೇ ಬರೆದುಕೊಂಡು ಎದ್ದು ಹೋದರೆ ಅರ್ಧ ವಿಷಯ ಮಾತ್ರ ಸಿಕ್ಕಿದ ಹಾಗೆ. ಈ ಅಂಕೆಗಳನ್ನು ನೀವೇ ಕೈಯಾರೆ ಹಾಕುತ್ತೀರಿ. ಹಾಗಾಗಿ ಅವುಗಳ ಮೇಲೆ ನಿಮ್ಮ ಕಣ್ಣು ಇದ್ದೇ ಇರುತ್ತದೆ. ನೀವು ಮುಟ್ಟದೇ ಇದ್ದ ಇನ್ನೊಂದು ವೋಲ್ಟೇಜ್ ಇದೆ, ಪ್ರೊಸೆಸರ್ ಒಳಗೆ ಕೂತು ರ‍್ಯಾಮನ್ನು ನಡೆಸುವ ಮೆಮೊರಿ ಕಂಟ್ರೋಲರ್‌ನದ್ದು. ಅದು ತಾನಾಗಿ ಮೇಲೆ ಹೋಗಿರುತ್ತದೆ, ಯಾರೂ ನೋಡಿರುವುದಿಲ್ಲ. ಇವತ್ತು ನಾನು ಮುಖ್ಯವಾಗಿ ಅದರ ಬಗ್ಗೆ ಮಾತಾಡಬೇಕು. ಅಲ್ಲಿಗೆ ಹೋಗುವ ಮೊದಲು ರೀಡಿಂಗ್ ಅಂದರೆ ಏನು ಎಂದು ಸ್ವಲ್ಪ ನೋಡೋಣ.

ರ‍್ಯಾಮ್‌ಗೆ ಇಷ್ಟೇ ವೋಲ್ಟ್ ಎಂದು ನಿಯಮ ಮಾಡುವ ಸಂಸ್ಥೆ ಜೆಡೆಕ್. ಡಿಡಿಆರ್2ಕ್ಕೆ 1.8 ವೋಲ್ಟ್, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ಒಂದೊಂದು ತಲೆಮಾರಿಗೂ ಇಳಿಯುತ್ತಾ ಬಂದಿದೆ. ಡಿಡಿಆರ್4 ಕೆಲಸ ಮಾಡಬೇಕಾದ ವ್ಯಾಪ್ತಿ 1.14ರಿಂದ 1.26 ವೋಲ್ಟ್. ಇದನ್ನು ಕೇಳಿದರೆ ಕೆಲವರಿಗೆ ಆಶ್ಚರ್ಯ ಆಗುತ್ತದೆ. ಯಾಕೆಂದರೆ ಅಂಗಡಿಯಿಂದ ತಂದ 3200 ಸ್ಪೀಡ್‌ನ ರ‍್ಯಾಮ್ ಕಿಟ್‌ನ ಪೆಟ್ಟಿಗೆಯ ಮೇಲೆಯೇ 1.35 ಎಂದು ಬರೆದಿರುತ್ತದೆ, ಅಲ್ವಾ? ಅದು ಎಕ್ಸ್‌ಎಂಪಿ ಪ್ರೊಫೈಲ್‌ನ, ಅಂದರೆ ಕಂಪನಿ ರ‍್ಯಾಮ್ ಸ್ಟಿಕ್‌ನಲ್ಲೇ ಬರೆದಿಟ್ಟ ಹೆಚ್ಚಿನ ಸ್ಪೀಡ್‌ನ ಸೆಟ್ಟಿಂಗ್‌ನ, ವೋಲ್ಟೇಜ್. ಅಂದರೆ ಮಷೀನ್ ಶುರುವಾಗುವಾಗ ತೆರೆಯುವ ಬಯೋಸ್ ಸೆಟ್ಟಿಂಗ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿದ ಗಳಿಗೆಯಲ್ಲೇ ನೀವು ಓವರ್‌ಕ್ಲಾಕ್ ಮಾಡಿದ್ದೀರಿ. 'ನಾನು ಓವರ್‌ಕ್ಲಾಕ್ ಎಲ್ಲ ಮಾಡುವುದಿಲ್ಲ, ಸುಮ್ನೆ ಎಕ್ಸ್‌ಎಂಪಿ ಹಾಕಿದ್ದೇನೆ' ಎನ್ನುವವರಿಗೂ ಈ ಮಾತು ಬೇಕು ಎನ್ನುವುದು ಅದಕ್ಕೇ. ಪ್ರೊಸೆಸರ್ ಮಾಡುವ ಎಎಂಡಿ ಕಂಪನಿಯವರು 2022ರಲ್ಲಿ ತಂದ ಎಕ್ಸ್‌ಪೋ ಕೂಡ ಇದೇ ಜಾತಿಯದ್ದು.

ಡಿಡಿಆರ್4ರ ನಿಯಮದಲ್ಲಿ ಇನ್ನೊಂದು ಅಂಕೆ ಇದೆ: 1.5 ವೋಲ್ಟ್. ಅದನ್ನು ದಾಟಿದರೆ ಚಿಪ್‌ಗೆ ಶಾಶ್ವತ ಹಾನಿ ಆಗಬಹುದು ಎನ್ನುವ ಕೊನೆಯ ಗೆರೆ ಅದು. ಕೆಲವರು ಇದನ್ನು ಓದಿ '1.5 ತನಕ ಸೇಫ್ ಅಂತ ಅವರೇ ಹೇಳಿದ್ದಾರೆ' ಎನ್ನುತ್ತಾರೆ. ಹಾಗಲ್ಲ. ಅಲ್ಲಿ ನಿಲ್ಲಿಸಿಟ್ಟು ದಿನಾ ದುಡಿಸಬಹುದು ಎಂದು ಯಾರೂ ಮಾತು ಕೊಟ್ಟಿಲ್ಲ. ಸ್ಯಾಮ್‌ಸಂಗ್‌ನ ಬಿ-ಡೈ ಎಂಬ ಚಿಪ್ ಇರುವ ಕೆಲವು ಕಿಟ್‌ಗಳು 1.45, 1.50ರ ಎಕ್ಸ್‌ಎಂಪಿ ಇಟ್ಟುಕೊಂಡೇ ಮಾರಾಟಕ್ಕೆ ಬಂದವು. ಆ ಚಿಪ್‌ಗೆ ವೋಲ್ಟ್ ಜಾಸ್ತಿ ಕೊಟ್ಟರೆ ಟೈಮಿಂಗ್, ಅಂದರೆ ಕೆಲಸದ ನಡುವೆ ಚಿಪ್ ಕಾಯುವ ಹೊತ್ತು, ಚೆನ್ನಾಗಿ ಇಳಿಯುತ್ತದೆ. ಎಲ್ಲ ಚಿಪ್ ಹಾಗಿರುವುದಿಲ್ಲ. ಬೇರೆ ಚಿಪ್ ಇರುವ ಸ್ಟಿಕ್‌ಗೆ ಅದೇ 1.50 ಕೊಟ್ಟರೆ ಹೆಚ್ಚಿನ ಸಲ ಬಿಸಿ ಮಾತ್ರ ಏರುತ್ತದೆ, ಸ್ಪೀಡ್ ಏರುವುದಿಲ್ಲ.

ಈಗ ರೀಡಿಂಗ್‌ಗೆ ಬರೋಣ. ಬಯೋಸ್‌ನಲ್ಲಿ ನೀವು 1.35 ಎಂದು ಬರೆಯುತ್ತೀರಿ. ವಿಂಡೋಸ್‌ಗೆ ಬಂದು ಹೆಚ್‌ಡಬ್ಲ್ಯುಇನ್ಫೋ ಎಂಬ, ಅಳತೆ ತೋರಿಸುವ ಸಾಫ್ಟ್‌ವೇರ್ ತೆರೆದರೆ 1.344 ಎಂದೋ 1.360 ಎಂದೋ ಕಾಣುತ್ತದೆ. 'ಬೋರ್ಡ್ ಸುಳ್ಳು ಹೇಳುತ್ತಿದೆಯಾ?' ಎಂದು ಇಲ್ಲಿ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ.

ಬೋರ್ಡ್ ಮೇಲೆ ಸೂಪರ್ ಐಒ ಎಂಬ ಚಿಪ್ ಇರುತ್ತದೆ. ನುವೋಟಾನ್ ಅಥವಾ ಐಟಿಇ ಕಂಪನಿಯದ್ದು ಜಾಸ್ತಿ ಕಾಣಸಿಗುತ್ತದೆ. ಫ್ಯಾನ್ ಸ್ಪೀಡ್, ಬಿಸಿ, ವೋಲ್ಟೇಜ್ ಎಲ್ಲ ಅಳೆಯುವುದು ಅದೇ. ನುವೋಟಾನ್ ಚಿಪ್‌ಗಳಲ್ಲಿ ವೋಲ್ಟೇಜ್ ಅಳತೆಯ ಒಂದು ಹಂತ ಸಾಮಾನ್ಯವಾಗಿ 8 ಮಿಲಿವೋಲ್ಟ್. 1.344, 1.352, 1.360. ನೋಡಿ, ಒಂದರಿಂದ ಇನ್ನೊಂದಕ್ಕೆ 8 ಮಿಲಿವೋಲ್ಟ್ ವ್ಯತ್ಯಾಸ. ಸರಿಯಾಗಿ 1.350 ಎಂದು ತೋರಿಸಲಿಕ್ಕೆ ಆ ಚಿಪ್‌ಗೆ ಸಾಧ್ಯವೇ ಇಲ್ಲ. ಹಾಗಾಗಿ ಮೂರನೆಯ ದಶಾಂಶ ಸ್ಥಾನ ನೋಡಿ ತಲೆಬಿಸಿ ಮಾಡಬೇಡಿ. ಹಾಕಿದ್ದಕ್ಕೂ ಕಂಡದ್ದಕ್ಕೂ 10, 15 ಮಿಲಿವೋಲ್ಟ್ ವ್ಯತ್ಯಾಸ ಇದ್ದರೆ ಸಹಜ. 1.35 ಹಾಕಿ 1.42 ಕಂಡರೆ ಮಾತ್ರ ಕೂತು ಯೋಚಿಸಬೇಕು. ಬೋರ್ಡ್ ನಿಜವಾಗಿಯೂ ಜಾಸ್ತಿ ಕೊಡುತ್ತಿರಬಹುದು. ಅಳತೆಯೇ ತಪ್ಪಿರಲೂಬಹುದು.

ಅಳೆಯುವ ಜಾಗವೂ ಮುಖ್ಯ. ಅಡಿಕೆ ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ಅರ್ಥ ಆಗುತ್ತದೆ. ಪಂಪಿನ ಬುಡದಲ್ಲಿ ಇರುವ ಒತ್ತಡ ಗುಡ್ಡೆಯ ತುದಿಯ ಸ್ಪ್ರಿಂಕ್ಲರ್‌ನಲ್ಲಿ ಇರುವುದಿಲ್ಲ. ಡಿಡಿಆರ್4 ಬೋರ್ಡ್‌ನಲ್ಲಿ ರ‍್ಯಾಮ್‌ನ ವೋಲ್ಟೇಜ್ ತಯಾರಾಗುವುದು ಬೋರ್ಡ್ ಮೇಲಿನ ರೆಗ್ಯುಲೇಟರ್‌ನಲ್ಲಿ. ಸೆನ್ಸರ್‌ನ ಗೆರೆಯನ್ನು ಅದರ ಹತ್ತಿರ ಜೋಡಿಸಿದ್ದಾರೋ, ಸ್ಲಾಟ್‌ನ ಹತ್ತಿರ ಜೋಡಿಸಿದ್ದಾರೋ ಎನ್ನುವುದರ ಮೇಲೆ ಅಂಕೆ ಸ್ವಲ್ಪ ಬದಲಾಗುತ್ತದೆ. ಕೆಲವು ಅಗ್ಗದ ಬೋರ್ಡ್‌ಗಳಲ್ಲಿ ರ‍್ಯಾಮ್ ವೋಲ್ಟೇಜನ್ನು ಸೆನ್ಸರ್‌ಗೆ ಜೋಡಿಸಿಯೇ ಇರುವುದಿಲ್ಲ. ಆಗ ಸಾಫ್ಟ್‌ವೇರ್‌ನಲ್ಲಿ ಯಾವುದೋ ಖಾಲಿ ಸಾಲು ಅರ್ಥವಿಲ್ಲದ ಅಂಕೆ ತೋರಿಸುತ್ತದೆ. ಅದನ್ನೇ ರ‍್ಯಾಮ್ ವೋಲ್ಟೇಜ್ ಎಂದು ನಂಬಿ ಗಾಬರಿಯಾದವರನ್ನು ನಾನು ಕಂಡಿದ್ದೇನೆ.

ನೋಡುತ್ತಿರುವ ಸಾಲು ಸರಿಯಾದದ್ದೇ ಎಂದು ಖಾತ್ರಿ ಮಾಡಲಿಕ್ಕೆ ಸುಲಭದ ದಾರಿ ಇದೆ. ಬಯೋಸ್‌ನಲ್ಲಿ ರ‍್ಯಾಮ್ ವೋಲ್ಟೇಜನ್ನು 1.35ರಿಂದ 1.37ಕ್ಕೆ ಏರಿಸಿ ಬನ್ನಿ. ಸಾಫ್ಟ್‌ವೇರ್‌ನಲ್ಲಿ ಯಾವ ಸಾಲು ಅಷ್ಟೇ ಏರಿತೋ ಅದೇ ನಿಮ್ಮ ಸಾಲು. ಯಾವುದೂ ಅಲುಗಾಡದಿದ್ದರೆ ಆ ಬೋರ್ಡ್‌ನಲ್ಲಿ ರೀಡಿಂಗ್ ಇಲ್ಲ ಎಂದೇ ತಿಳಿಯಿರಿ. ಕೆಲವು ಬೋರ್ಡ್‌ಗಳಲ್ಲಿ ವಿಟಿಟಿ ಎಂಬ ಸಾಲು ಇರುತ್ತದೆ. ಅದು ಯಾವತ್ತೂ ರ‍್ಯಾಮ್ ವೋಲ್ಟೇಜ್‌ನ ಅರ್ಧ. ರ‍್ಯಾಮ್ 1.35 ಇದ್ದರೆ ವಿಟಿಟಿ 0.675ರ ಆಸುಪಾಸು ಇರಬೇಕು. ಎರಡನ್ನೂ ತಾಳೆ ನೋಡಿದರೆ ಅನುಮಾನ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಮಾನಿಟರಿಂಗ್ ಸಾಫ್ಟ್‌ವೇರ್ ಒಂದು ಹೊತ್ತಿಗೆ ಒಂದೇ ಇರಲಿ. ಬೋರ್ಡ್ ಕಂಪನಿಯದ್ದೊಂದು, ಹೆಚ್‌ಡಬ್ಲ್ಯುಇನ್ಫೋ ಇನ್ನೊಂದು, ಎರಡೂ ಒಟ್ಟಿಗೆ ಅದೇ ಚಿಪ್ ಓದಲಿಕ್ಕೆ ಹೋದರೆ ನಡುವೆ ಸುಳ್ಳು ಅಂಕೆ ನುಸುಳುತ್ತದೆ. ಗರಿಷ್ಠ ಎಂಬ ಕಾಲಮ್‌ನಲ್ಲಿ ಒಂದೇ ಒಂದು ಸಲ 2 ವೋಲ್ಟ್ ಬಂದು ಹೋಗಿದೆ ಎಂದು ಕಂಡರೆ, ಮೊದಲು ಇನ್ನೊಂದನ್ನು ಮುಚ್ಚಿ ಮತ್ತೆ ನೋಡಿ.

ಡಿಡಿಆರ್5ರಲ್ಲಿ ಕತೆ ಬೇರೆ. ಅಲ್ಲಿ ಬೋರ್ಡ್ ಸ್ಟಿಕ್‌ಗೆ 5 ವೋಲ್ಟ್ ಮಾತ್ರ ಕೊಡುತ್ತದೆ. 1.1 ವೋಲ್ಟ್ ತಯಾರಾಗುವುದು ಸ್ಟಿಕ್‌ನ ಮೇಲೆಯೇ ಇರುವ ಪಿಎಂಐಸಿ ಎಂಬ ಸಣ್ಣ ಚಿಪ್‌ನಲ್ಲಿ. ಅದರ ರೀಡಿಂಗ್ ಸ್ಟಿಕ್‌ನಿಂದಲೇ ಬರುತ್ತದೆ. ಹಂತ ಮಾತ್ರ ಸ್ವಲ್ಪ ದೊಡ್ಡದು, 15 ಮಿಲಿವೋಲ್ಟ್. ಬಿಸಿ ಅಳೆಯುವ ಸೆನ್ಸರ್ ಕೂಡ ಸ್ಟಿಕ್‌ನಲ್ಲೇ ಇದೆ, ಅದು ದೊಡ್ಡ ಅನುಕೂಲ. ಡಿಡಿಆರ್4ರ ಎಷ್ಟೋ ಸ್ಟಿಕ್‌ಗಳಲ್ಲಿ ಆ ಸೆನ್ಸರ್ ಇರುವುದಿಲ್ಲ. ಪಿಎಂಐಸಿ ಸಾಮಾನ್ಯ ಸ್ಥಿತಿಯಲ್ಲಿ 1.435 ವೋಲ್ಟ್‌ಗಿಂತ ಮೇಲೆ ಹೋಗುವುದಿಲ್ಲ. ಅದನ್ನು ದಾಟಲಿಕ್ಕೆ ಬೀಗ ತೆಗೆದ ಪಿಎಂಐಸಿ ಬೇಕು, ಬಯೋಸ್‌ನಲ್ಲಿ ಹೈ ವೋಲ್ಟೇಜ್ ಮೋಡ್ ಬೇಕು. ಆ ಬೀಗ ಇದ್ದ ಹಾಗೆ ಇರಲಿ ಎನ್ನುವುದು ನನ್ನ ಸಲಹೆ.

ಮಲ್ಟಿಮೀಟರ್ ಇಟ್ಟು ನೋಡಬಹುದಾ? ನೋಡಬಹುದು. ದುಬಾರಿ ಬೋರ್ಡ್‌ಗಳಲ್ಲಿ ಅದಕ್ಕೆಂದೇ ಬಿಂದುಗಳನ್ನು ಬಿಟ್ಟಿರುತ್ತಾರೆ. ಮೀಟರನ್ನು ಡಿಸಿ 2000 ಮಿಲಿವೋಲ್ಟ್‌ಗೆ ಇಡಿ, 20 ವೋಲ್ಟ್‌ಗೆ ಅಲ್ಲ. ಅಲ್ಲಿ 10 ಮಿಲಿವೋಲ್ಟ್‌ಗಿಂತ ಸಣ್ಣದು ಕಾಣುವುದಿಲ್ಲ. ಅಗ್ಗದ ಮೀಟರ್‌ಗಳಲ್ಲಿ ಅರ್ಧ ಶೇಕಡಾ ತಪ್ಪು ಇದ್ದೇ ಇರುತ್ತದೆ, ಅಂದರೆ 1.35ರಲ್ಲಿ ಸುಮಾರು 7 ಮಿಲಿವೋಲ್ಟ್. ಬಿಂದು ಇಲ್ಲದ ಬೋರ್ಡ್‌ನಲ್ಲಿ, ಮಷೀನ್ ಓಡುತ್ತಿರುವಾಗ, ಕಾಯಿಲ್‌ನ ಕಾಲಿಗೆ ಮೀಟರಿನ ಮುಳ್ಳು ತಾಗಿಸಲಿಕ್ಕೆ ಹೋಗಬೇಡಿ. ಕೈ ಒಂದು ಕೂದಲೆಳೆ ಜಾರಿದರೆ ಪಕ್ಕದ ಕಾಲಿಗೆ ಶಾರ್ಟ್ ಆಗುತ್ತದೆ. 10 ಮಿಲಿವೋಲ್ಟ್‌ನ ಅನುಮಾನ ತೀರಿಸಲಿಕ್ಕೆ ಬೋರ್ಡನ್ನೇ ಪಣಕ್ಕೆ ಇಡುವುದು ಬೇಡ.

ಈಗ ಮುಖ್ಯ ವಿಷಯ. ಹಿಂದೆ ಮೆಮೊರಿ ಕಂಟ್ರೋಲರ್ ಮದರ್‌ಬೋರ್ಡ್‌ನ ಚಿಪ್‌ಸೆಟ್‌ನಲ್ಲಿ ಇರುತ್ತಿತ್ತು. ಎಎಂಡಿ 2003ರಲ್ಲಿ ಅಥ್ಲಾನ್ 64ರ ಜೊತೆ ಅದನ್ನು ಪ್ರೊಸೆಸರ್ ಒಳಗೆ ತಂದಿತು. ಇಂಟೆಲ್ ತನ್ನ ಡೆಸ್ಕ್‌ಟಾಪ್‌ಗೆ 2008ರಲ್ಲಿ, ಮೊದಲ ಕೋರ್ ಐ7ರ ಜೊತೆ ತಂದಿತು. ಅದಕ್ಕಿಂತ ಮೊದಲು ಡಿಡಿಆರ್3 ಕಿಟ್‌ಗಳನ್ನು 1.8, 2.0 ವೋಲ್ಟ್‌ನಲ್ಲಿ ಓಡಿಸುವವರಿದ್ದರು. ಇಂಟೆಲ್ 1.65 ದಾಟಬೇಡಿ, ದಾಟಿದರೆ ಪ್ರೊಸೆಸರ್‌ಗೆ ಹಾನಿ ಆಗಬಹುದು ಎಂದು ಎಚ್ಚರಿಸಿತು. ಗಮನಿಸಿ, ಆ ಎಚ್ಚರಿಕೆ ರ‍್ಯಾಮ್ ಸುಡುತ್ತದೆ ಎಂದಲ್ಲ. ರ‍್ಯಾಮ್ ಹೋದರೆ ಒಂದು ಸ್ಟಿಕ್‌ನ ದುಡ್ಡು ಹೋಯಿತು. ಪ್ರೊಸೆಸರ್ ಹೋದರೆ?

ಈ ಕಂಟ್ರೋಲರ್‌ಗೆ ಅದರದ್ದೇ ವೋಲ್ಟೇಜ್ ಇದೆ. ಎಎಂಡಿಯಲ್ಲಿ ಅದು ಎಸ್ಒಸಿ ವೋಲ್ಟೇಜ್. ಇಂಟೆಲ್‌ನಲ್ಲಿ ವಿಸಿಸಿಎಸ್ಎ, ಅದರ ಜೊತೆಗೆ ಕೆಲವು ತಲೆಮಾರುಗಳಲ್ಲಿ ವಿಸಿಸಿಐಒ. ನೀವು ಎಕ್ಸ್‌ಎಂಪಿ ಆನ್ ಮಾಡಿದಾಗ ರ‍್ಯಾಮ್ ವೋಲ್ಟೇಜ್ 1.35 ಆದದ್ದು ಸ್ಕ್ರೀನ್ ಮೇಲೆ ದೊಡ್ಡದಾಗಿ ಕಾಣುತ್ತದೆ. ಈ ಎರಡನೆಯದು ಆಟೋದಲ್ಲಿ ಇರುತ್ತದೆ. ಆಟೋ ಅಂದರೆ ಕಂಪನಿ ಕೊಟ್ಟ ಮೂಲ ಅಂಕೆ ಎಂದು ಎಷ್ಟೋ ಜನ ನಂಬಿದ್ದಾರೆ. ಹಾಗೆ ಇಲ್ಲ. ಸ್ಪೀಡ್ ಏರಿದ್ದನ್ನು ನೋಡಿ ಬೋರ್ಡ್ ತಾನೇ ಈ ವೋಲ್ಟೇಜನ್ನೂ ಏರಿಸುತ್ತದೆ. ಯಾರ ಕೈಯಲ್ಲೂ ಮಷೀನ್ ಬೂಟ್ ಆಗದೆ ನಿಲ್ಲಬಾರದು ಎಂಬುದು ಬೋರ್ಡ್ ಮಾಡಿದವರ ಲೆಕ್ಕ. ಹಾಗಾಗಿ ಬೇಕಾದ್ದಕ್ಕಿಂತ ಧಾರಾಳವಾಗಿಯೇ ಕೊಡುತ್ತಾರೆ. ಇಂಟೆಲ್ 10ನೇ ತಲೆಮಾರಿನಲ್ಲಿ ವಿಸಿಸಿಎಸ್ಎ ಮೂಲತಃ 1.05 ವೋಲ್ಟ್. ಅಂಥ ಮಷೀನ್‌ನಲ್ಲಿ 3600ರ ಎಕ್ಸ್‌ಎಂಪಿ ಹಾಕಿ ಆಟೋದಲ್ಲಿ ಬಿಟ್ಟರೆ 1.35 ಕಂಡರೂ ಆಶ್ಚರ್ಯ ಇಲ್ಲ. ಕೈಯಿಂದ 1.15, 1.20 ಹಾಕಿದರೆ ಅದೇ ಸ್ಪೀಡ್ ಎಷ್ಟೋ ಸಲ ಆರಾಮಾಗಿ ನಡೆಯುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ ಎನ್ನಲಿಕ್ಕೆ 2023 ಸಾಕು. ಆ ವರ್ಷದ ಏಪ್ರಿಲ್‌ನಲ್ಲಿ ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟ ಫೋಟೋಗಳು ಬಂದವು. ಪ್ರೊಸೆಸರ್‌ನ ತಳ ಉಬ್ಬಿತ್ತು, ಸಾಕೆಟ್‌ನ ಪಿನ್‌ಗಳ ಮೇಲೆ ಕಪ್ಪು ಕಲೆ. ಎಎಂಡಿ ಪರಿಶೀಲಿಸಿ ಹೊಸ ಬಯೋಸ್ ಕೋಡ್ ಕೊಟ್ಟಿತು. ಅದರಲ್ಲಿ ಎಸ್ಒಸಿ ವೋಲ್ಟೇಜ್ 1.3 ದಾಟದ ಹಾಗೆ ಮಿತಿ ಹಾಕಿತು. ಎಕ್ಸ್‌ಪೋ ಒಂದನ್ನು ಆನ್ ಮಾಡಿ ಮಿಕ್ಕದ್ದನ್ನು ಬೋರ್ಡ್‌ಗೆ ಬಿಟ್ಟವರಿಗೂ ಈ ಅಪಾಯ ಇತ್ತು. ಇಂಥ ರೈಜನ್ ಕೂರುವ ಎಎಂ5 ಸಾಕೆಟ್‌ನ ಬೋರ್ಡ್ ಇರುವವರು, ಅದರಲ್ಲೂ ಹಳೆಯ ಸ್ಟಾಕ್ ತೆಗೆದುಕೊಂಡವರು, ಮೊದಲು ಬಯೋಸ್ ಅಪ್‌ಡೇಟ್ ಮಾಡಿ. ಆಮೇಲೆ ಎಕ್ಸ್‌ಪೋ. ಆ ಮೇಲೂ ಎಸ್ಒಸಿ ರೀಡಿಂಗ್ ನೋಡಿ. 6000ದ ಸ್ಪೀಡ್‌ಗೆ 1.20, 1.25 ಸಾಕಾಗುತ್ತದೆ. ಅದರ ಹಿಂದಿನ ಎಎಂ4 ಸಾಕೆಟ್‌ನ ಬೋರ್ಡ್‌ನಲ್ಲಿ 3200, 3600ಕ್ಕೆ 1.10 ವೋಲ್ಟ್ ಎಸ್ಒಸಿ ಸಾಕು. 1.20ನ್ನು ದಾಟಿಸುವ ಕಾರಣ ನನಗೆ ಕಾಣುವುದಿಲ್ಲ.

ನಮ್ಮ ಕಡೆ ಗ್ರಾಫಿಕ್ಸ್ ಒಳಗೇ ಇರುವ ರೈಜನ್ 5 5600ಜಿ ಪ್ರೊಸೆಸರ್ ಜಾಸ್ತಿ ಇದೆ, ಗ್ರಾಫಿಕ್ಸ್ ಕಾರ್ಡ್‌ಗೆ ದುಡ್ಡು ಹಾಕಲಿಕ್ಕೆ ಆಗದವರ ಮಷೀನ್ ಅದು. ಅಲ್ಲಿ ಗ್ರಾಫಿಕ್ಸ್‌ಗೂ ಇದೇ ರ‍್ಯಾಮ್. ಎರಡು ಸ್ಟಿಕ್ ಒಟ್ಟಿಗೆ ದುಡಿಯುವ ಡ್ಯುಯಲ್ ಚಾನೆಲ್ 3200ರಲ್ಲಿ ಸೆಕೆಂಡಿಗೆ 51.2 ಗಿಗಾಬೈಟ್, 3600ರಲ್ಲಿ 57.6. ಎಂಟರಲ್ಲಿ ಒಂದು ಪಾಲು ಜಾಸ್ತಿ. ಗೇಮ್‌ನಲ್ಲಿ ಇದು ಕಣ್ಣಿಗೆ ಕಾಣುವ ವ್ಯತ್ಯಾಸ. ಹಾಗಾಗಿ ಓವರ್‌ಕ್ಲಾಕ್ ಮಾಡಲೇಬೇಡಿ ಎಂದು ನಾನು ಹೇಳುವುದಿಲ್ಲ. 3600 ತನಕ ಹೋಗಿ. ಸ್ಟಿಕ್ 1.35 ಅಥವಾ 1.38ರಲ್ಲಿ ಅಷ್ಟು ಕೊಡದಿದ್ದರೆ 3400ಕ್ಕೆ ಒಪ್ಪಿಕೊಳ್ಳಿ. ಅದೊಂದು ಚೂರು ಸ್ಪೀಡ್‌ಗಾಗಿ 1.50ಕ್ಕೆ ಏರಬೇಡಿ.

ಇನ್ನು ಸೆಕೆ. ಒಂದೇ ಟ್ರಾನ್ಸಿಸ್ಟರ್, ಒಂದೇ ಕೆಪಾಸಿಟರ್ ಇರುವ ರ‍್ಯಾಮ್ ಕೋಶವನ್ನು ಐಬಿಎಂನ ರಾಬರ್ಟ್ ಡೆನಾರ್ಡ್ 1966ರಲ್ಲಿ ಯೋಚಿಸಿದರು. 1968ರಲ್ಲಿ ಪೇಟೆಂಟ್ ಸಿಕ್ಕಿತು. ಇಂದಿಗೂ ಅದೇ ವಿನ್ಯಾಸ. ಆ ಕೆಪಾಸಿಟರ್‌ನಲ್ಲಿ ತುಂಬಿದ ಚಾರ್ಜ್ ಸೋರಿ ಹೋಗುತ್ತಲೇ ಇರುತ್ತದೆ. ಹಾಗಾಗಿ ಡಿಡಿಆರ್4ರಲ್ಲಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ಬರೆಯಬೇಕು. ಬಿಸಿ ಏರಿದಂತೆ ಸೋರುವುದೂ ಜಾಸ್ತಿಯಾಗುತ್ತದೆ. ಡಿಡಿಆರ್4 ಚಿಪ್ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಕೆಲಸವನ್ನು ಎರಡು ಪಟ್ಟು ಬೇಗ ಮಾಡಬೇಕು ಎಂದು ನಿಯಮದಲ್ಲೇ ಇದೆ. ಟೈಮಿಂಗ್ ಬಿಗಿ ಮಾಡಿದ ಸ್ಟಿಕ್‌ಗಳಲ್ಲಿ ತೊಂದರೆ ಅದಕ್ಕಿಂತ ಎಷ್ಟೋ ಮೊದಲೇ ಶುರು. ಬಿ-ಡೈ ಕೆಲವು ಸಲ 50 ಡಿಗ್ರಿಗೇ ತಪ್ಪು ಮಾಡುತ್ತದೆ.

ವೋಲ್ಟೇಜ್ ಏರಿಸಿದರೆ ಬಿಸಿ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.35ರಿಂದ 1.50ಕ್ಕೆ ಹೋದರೆ ವೋಲ್ಟೇಜ್ ಏರಿದ್ದು ಶೇಕಡಾ 11, ಬಿಸಿ ಏರುವುದು ಸುಮಾರು ಶೇಕಡಾ 23. ಇದಕ್ಕೆ ನಮ್ಮ ಮಾರ್ಚ್, ಏಪ್ರಿಲ್‌ನ ಕೋಣೆಯ ಬಿಸಿಯನ್ನು ಸೇರಿಸಿ. ಆಟಿ ತಿಂಗಳ ಮಳೆಯಲ್ಲಿ ಕೂತು ಟೆಸ್ಟ್ ಮಾಡಿ ಪಾಸಾದ ಸೆಟ್ಟಿಂಗ್, ವಿಷುವಿನ ಹೊತ್ತಿಗೆ ಬ್ಲೂ ಸ್ಕ್ರೀನ್ ಕೊಡುತ್ತದೆ. ಆಗ ಎಲ್ಲರೂ ವಿಂಡೋಸ್‌ಗೆ ಬೈಯುತ್ತಾರೆ. ಟೆಸ್ಟ್ ಮಾಡುವುದಿದ್ದರೆ ಸೆಕೆಗಾಲದ ಮಧ್ಯಾಹ್ನ, ಎಸಿ ಇಲ್ಲದೆ, ಕ್ಯಾಬಿನೆಟ್ ಬಾಗಿಲು ಮುಚ್ಚಿ ಮಾಡಿ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಪಾಸಾದ ಮೇಲೆ ಸ್ಪೀಡ್ ಒಂದು ಹಂತ ಇಳಿಸಿಡಿ. ರ‍್ಯಾಮ್‌ನ ಎದುರು ಒಂದು 120 ಮಿಲಿಮೀಟರ್ ಫ್ಯಾನ್ ಇಟ್ಟರೆ ಸಿಗುವ ಲಾಭ ಇನ್ನೊಂದು 0.05 ವೋಲ್ಟ್‌ನಿಂದ ಸಿಗುವುದಿಲ್ಲ.

ಬ್ಲೂ ಸ್ಕ್ರೀನ್ ಬಂದರೆ ಪುಣ್ಯ ಎನ್ನುತ್ತೇನೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ನನಗೆ ಹೆದರಿಕೆ ಕಾಣದ ತಪ್ಪಿನದ್ದು. ರ‍್ಯಾಮ್‌ನಲ್ಲಿ ಒಂದು ಬಿಟ್ ಸೊನ್ನೆ ಇದ್ದದ್ದು ಒಂದಾಯಿತು. ಮಷೀನ್ ನಿಲ್ಲಲಿಲ್ಲ. ಆ ತಪ್ಪೇ ಹಾರ್ಡ್ ಡಿಸ್ಕ್‌ಗೆ ಬರೆದು ಹೋಯಿತು. ಬ್ಯಾಕಪ್‌ಗೂ ಅದೇ ಹೋಯಿತು. ಇಲ್ಲಿ ಕೆಲವರ ಹತ್ತಿರ ಹಳೆಯ ತಾಳಮದ್ದಳೆಯ ರೆಕಾರ್ಡಿಂಗ್‌ಗಳಿವೆ. ಈಗ ಇಲ್ಲದ ಭಾಗವತರ ಪದಗಳಿವೆ. ಕ್ಯಾಸೆಟ್‌ನಿಂದ ಕಂಪ್ಯೂಟರ್‌ಗೆ ಇಳಿಸಿದ ಮೇಲೆ ಕ್ಯಾಸೆಟ್ ಬಿಸಾಡಿದವರೂ ಇದ್ದೀರಿ. ಆ ಫೈಲ್‌ಗಳನ್ನು ಕಾಪಿ ಮಾಡುವ ಮಷೀನ್‌ನಲ್ಲಿ ಓವರ್‌ಕ್ಲಾಕ್ ಬೇಡವೇ ಬೇಡ. ಎಕ್ಸ್‌ಎಂಪಿಯನ್ನೂ ತೆಗೆದು ಜೆಡೆಕ್ ಸ್ಪೀಡ್‌ನಲ್ಲಿ, 1.2 ವೋಲ್ಟ್‌ನಲ್ಲಿ ಓಡಿಸಿ. ಸ್ವಲ್ಪ ನಿಧಾನ ಆಗಬಹುದು, ಆಗಲಿ.

ಮಿಕ್ಕವರು ಟೆಸ್ಟ್ ಮಾಡದೆ ಬಿಡಬೇಡಿ. ಪೆನ್ ಡ್ರೈವ್‌ಗೆ ಮೆಮ್‌ಟೆಸ್ಟ್86 ಪ್ಲಸ್ ಹಾಕಿ ರಾತ್ರಿಯಿಡೀ ಓಡಿಸಿ. ಅದು ಉಚಿತ. ಆಮೇಲೆ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಓಡಿಸಿ, ಜೊತೆಗೆ ಹೆಚ್‌ಡಬ್ಲ್ಯುಇನ್ಫೋ ತೆರೆದಿಡಿ. ಒಂದು ಎರರ್ ಬಂದರೂ ಅದು ಫೇಲ್. 'ಒಂದೇ ಅಲ್ವಾ' ಎನ್ನಬೇಡಿ. ಎರರ್ ಬಂದಾಗ ವೋಲ್ಟೇಜ್ ಏರಿಸಲಿಕ್ಕೆ ಕೈ ಓಡುತ್ತದೆ. ಮೊದಲು ಬಿಸಿ ನೋಡಿ, ಆಮೇಲೆ ಸ್ಪೀಡ್ ಇಳಿಸಿ ನೋಡಿ. ವೋಲ್ಟೇಜ್ ಕೊನೆಗೆ, ಅದೂ ಒಂದು ಸಲಕ್ಕೆ 0.01 ಅಥವಾ 0.02 ಮಾತ್ರ.

ಒಬ್ಬರು ಕೇಳಿದರು: 'ಮಾಷ್ಟ್ರೇ, ಸಂಜೆ ಹೊತ್ತು ನಮ್ಮಲ್ಲಿ ಕರೆಂಟ್ 180ಕ್ಕೆ ಇಳಿಯುತ್ತದೆ. ಆಗ ರ‍್ಯಾಮ್ ವೋಲ್ಟೇಜ್ ಕೂಡ ಇಳಿಯುತ್ತದಾ?' ಇಳಿಯುವುದಿಲ್ಲ. ಒಳ್ಳೆಯ ಎಸ್ಎಂಪಿಎಸ್, ಅಂದರೆ ಮಷೀನ್‌ನ ಪವರ್ ಸಪ್ಲೈ, ಒಳಬರುವ ಕರೆಂಟ್ ಹೇಗೇ ಇದ್ದರೂ 12 ವೋಲ್ಟನ್ನು 11.4 ಮತ್ತು 12.6ರ ನಡುವೆ ಹಿಡಿದಿಡಬೇಕು. ಬೋರ್ಡ್‌ನ ರೆಗ್ಯುಲೇಟರ್ ಆ ಮೇಲೆ ಮತ್ತೆ ಸರಿಮಾಡುತ್ತದೆ. ತೀರಾ ಕಡಿಮೆಯಾದರೆ ಮಷೀನ್ ಆಫ್ ಆಗುತ್ತದೆಯೇ ಹೊರತು ರ‍್ಯಾಮ್‌ಗೆ ಅರೆಬರೆ ವೋಲ್ಟೇಜ್ ಹೋಗುವುದಿಲ್ಲ. ಆದರೆ ಬಯೋಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋದರೆ ಬೋರ್ಡ್ ಕೈಗೆ ಸಿಗಲಿಕ್ಕಿಲ್ಲ. ಯುಪಿಎಸ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಗುಡುಗು ಮಿಂಚಿನ ಸಂಜೆಯಂತೂ ಬೇಡವೇ ಬೇಡ, ಪ್ಲಗ್ಗನ್ನೇ ಎಳೆದಿಡಿ.

ಕೊನೆಗೆ ಒಬ್ಬಳು ತಂಗಿ ಕೇಳಿದ ಪ್ರಶ್ನೆ. ಮನೆಯಲ್ಲಿ ಅಣ್ಣನ ಹಳೆಯ ಮಷೀನ್‌ನಿಂದ ತೆಗೆದಿಟ್ಟ ಡಿಡಿಆರ್3 ಸ್ಟಿಕ್‌ಗಳಿವೆ, ಮೇಲೆ 1.65 ಎಂದು ಬರೆದಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದ 6ನೇ ತಲೆಮಾರಿನ ಐ5 ಬೋರ್ಡ್‌ಗೆ ಡಿಡಿಆರ್3 ಸ್ಲಾಟ್ ಇದೆ. ಹಾಕಬಹುದಾ? ಬೇಡ. ಕೂತುಕೊಳ್ಳುತ್ತದೆ, ಬೂಟ್ ಕೂಡ ಆಗಬಹುದು. ಆದರೆ ಆ ಪ್ರೊಸೆಸರ್‌ನ ಕಂಟ್ರೋಲರ್ ಮಾಡಿದ್ದು 1.35 ವೋಲ್ಟ್‌ನ ಡಿಡಿಆರ್3ಎಲ್‌ಗೆ. ಇಂಟೆಲ್ ಕೊಟ್ಟ ಅವಕಾಶ ಅದರ ಮೇಲೆ ಶೇಕಡಾ 5 ಮಾತ್ರ, ಅಂದರೆ ಸುಮಾರು 1.42. 1.65 ಕೊಟ್ಟರೆ ಸವೆಯುವುದು ಪ್ರೊಸೆಸರ್. ಆ ಬೋರ್ಡ್‌ಗೆ ಸ್ಟಿಕ್ ಮೇಲೆ 1.35 ಎಂದು ಬರೆದಿರುವ ಡಿಡಿಆರ್3ಎಲ್ ಹುಡುಕಿ ಹಾಕಿ. ಅಣ್ಣನ ಸ್ಟಿಕ್‌ಗಳನ್ನು 2ನೇ, 3ನೇ ತಲೆಮಾರಿನ ಬೋರ್ಡ್ ಇರುವ ಯಾರಿಗಾದರೂ ಕೊಡಿ. ಎಕ್ಸ್‌ಎಂಪಿ ಆಫ್ ಮಾಡಿ 1333ರ ಸ್ಪೀಡ್‌ನಲ್ಲಿ ಇಟ್ಟರೆ ಅವು ಸಾಮಾನ್ಯವಾಗಿ 1.5 ವೋಲ್ಟ್‌ನಲ್ಲೇ ನಡೆಯುತ್ತವೆ.